ಸೈರನ್ ಕೇಳಿ ಎದ್ದ ಊರು

ಹೋದ ಭಾನುವಾರ ಅಪ್ಪನನ್ನು ಕರೆದುಕೊಂಡು ಪೀಣ್ಯದಲ್ಲಿ ಮೆಟ್ರೋ ಹತ್ತಿದೆ. ಯಶವಂತಪುರ ದಾಟಿದ ಮೇಲೆ ಮೈಕಿನಲ್ಲಿ ಬಂತು, ಮುಂದಿನ ನಿಲ್ದಾಣ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡಿದ್ದ ಹುಡುಗ ಪಕ್ಕದವನಿಗೆ ಹೇಳಿದ, "ಸೋಪಿಗೂ ಒಂದು ಸ್ಟೇಷನ್ನಾ ಮಗಾ!" ಇಬ್ಬರೂ ನಕ್ಕರು. ಅಪ್ಪ ಕೇಳಿಸಿಕೊಂಡರು. ಸುಮ್ಮನಿರುವ ಜನ ಅಲ್ಲ ಅವರು. "ಸೋಪು ಬಂದು ನೂರು ವರ್ಷ ಆಯ್ತಪ್ಪ, ನಿಮ್ಮ ಸ್ಟೇಷನ್ ಬಂದಿದ್ದು ಮೊನ್ನೆ" ಅಂದರು. ಹುಡುಗ ಪಾಪ ಒಳ್ಳೆಯವನು. ಎದ್ದು ಸೀಟು ಕೊಟ್ಟ.

ಮನೆಗೆ ಬಂದ ಮೇಲೂ ಆ ನಗು ತಲೆಯಲ್ಲೇ ಉಳಿಯಿತು. ಅದಕ್ಕೇ ಈ ಬರಹ. ಉದ್ದ ಆಗಿದೆ, ಬೇಜಾರಾದರೆ ಬಿಟ್ಟುಬಿಡಿ.

ಬೆಂಗಳೂರಿನ ಕಥೆಯನ್ನು ನಾವು ಹೇಳುವ ರೀತಿ ನೋಡಿ. ಕೆಂಪೇಗೌಡರು ಕಟ್ಟಿದರು, ಟಿಪ್ಪು ಆಳಿದ, ಬ್ರಿಟಿಷರು ದಂಡು ಇಟ್ಟರು, ಆಮೇಲೆ ಪೆನ್ಷನ್ ತಗೊಂಡವರು ವಾಕಿಂಗ್ ಮಾಡಿಕೊಂಡು ದೋಸೆ ತಿಂದುಕೊಂಡು ಇದ್ದರು, ಆಮೇಲೆ ಸೀದಾ ಐಟಿ ಬಂತು. ಮಧ್ಯದ ನಲವತ್ತು ವರ್ಷ ಊರೇ ಮಲಗಿತ್ತೇನೋ ಅನ್ನಬೇಕು. ನಮ್ಮಪ್ಪನಂಥವರು ಬೆಳಗ್ಗೆ ಐದೂವರೆಗೆ ಎದ್ದು ಶಿಫ್ಟಿಗೆ ಓಡಿದ್ದು ಆ ನಲವತ್ತು ವರ್ಷದಲ್ಲೇ. ಹತ್ತನೇ ಕ್ಲಾಸ್ ಓದಿ ಕೈಕೆಲಸ ಕಲಿತವನು ಬೆಂಗಳೂರಲ್ಲಿ ಸ್ವಂತ ಮನೆ ಕಟ್ಟೋಕೆ ಆಗಿದ್ದೂ ಆಗಲೇ. ಈ ಊರಿನ ಅತಿ ದೊಡ್ಡ ಸಾಧನೆ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಸಾಫ್ಟ್‌ವೇರ್ ಅನ್ನಲ್ಲ, ಇದನ್ನೇ ಹೇಳ್ತೀನಿ.

ಇದು ಮೊದಲಿಂದಲೂ ಕೈಕೆಲಸದ ಊರೇ ಅಲ್ವಾ? 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದು ಪೇಟೆ. ಇವತ್ತಿಗೂ ಮಾರ್ಕೆಟ್ ಸುತ್ತ ಒಂದು ರೌಂಡ್ ಹೊಡೆದರೆ ಕಸುಬುಗಳೇ ಬೀದಿ ಹೆಸರಾಗಿ ಸಿಗುತ್ತವೆ. ಕುಂಬಾರಪೇಟೆ, ಗಾಣಿಗರಪೇಟೆ, ಬಳೇಪೇಟೆ, ಅಕ್ಕಿಪೇಟೆ, ಅರಳೆಪೇಟೆ. ಕಬ್ಬನ್‌ಪೇಟೆಯ ಸಂದಿಗಳಲ್ಲಿ ಕೆಲವು ಮನೆಗಳಿಂದ ಮಗ್ಗದ ಸದ್ದು ನಾನೇ ಚಿಕ್ಕವನಿದ್ದಾಗ ಕೇಳಿದ್ದೇನೆ. ನದಿ ಇಲ್ಲದ, ಬಂದರು ಇಲ್ಲದ, ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ದಿಣ್ಣೆ ಮೇಲಿನ ಊರು ಇದು. ಇಲ್ಲಿ ಬದುಕಬೇಕಾದರೆ ಏನಾದರೂ ಮಾಡಿ ಮಾರಲೇಬೇಕಿತ್ತು.

1809ರಲ್ಲಿ ದಂಡು ಬಂತು. ಪೇಟೆ ಒಂದು ಕಡೆ, ದಂಡು ಇನ್ನೊಂದು ಕಡೆ, ಮಧ್ಯದಲ್ಲಿ ಕಬ್ಬನ್ ಪಾರ್ಕು. ಎರಡೂ ಕಡೆಗೆ ಬೇರೆ ಬೇರೆ ಆಡಳಿತ. ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ಇದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಮುಂದೆ ಹೋಗ್ತೀನಿ.

ನನಗೆ ಜಾಸ್ತಿ ಇಷ್ಟ ಆಗೋದು ಕರೆಂಟಿನ ಕಥೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ವಿದ್ಯುತ್ ತೆಗೆದರಲ್ಲ, ಅದು ಬೆಂಗಳೂರಿಗೆ ಅಂತ ತೆಗೆದಿದ್ದಲ್ಲ. ಕೋಲಾರದ ಚಿನ್ನದ ಗಣಿಗೆ. ಸುಮಾರು 147 ಕಿಲೋಮೀಟರ್ ತಂತಿ ಎಳೆದರು, ಬರೀ ಗಣಿಯ ಮೆಷಿನ್ ತಿರುಗಿಸಲು. ಮೂರು ವರ್ಷ ಆದ ಮೇಲೆ, 1905ರಲ್ಲಿ, ಅದೇ ಕರೆಂಟು ಬೆಂಗಳೂರಿಗೂ ಬಂತು. ಬೀದಿ ದೀಪ ಹತ್ತಿದ್ದನ್ನು ಎಲ್ಲರೂ ಹೇಳ್ತಾರೆ. ಆದರೆ ಅದರ ಜೊತೆಗೆ ಕಾರ್ಖಾನೆಗಳಿಗೆ ದಾರಿ ತೆರೀತು. ಬಟ್ಟೆ ಮಿಲ್‌ಗಳು ಅದಕ್ಕೂ ಮುಂಚೆಯೇ ಶುರುವಾಗಿದ್ದವು. ಆಮೇಲೆ ಬಿನ್ನಿ ಮಿಲ್ ಅಂತ ಹೆಸರಾದ ಮಿಲ್ಲು ಹುಟ್ಟಿದ್ದು 1884ರಲ್ಲಿ. ಮಹಾರಾಜ ಮಿಲ್, ಮಿನರ್ವ ಮಿಲ್, ರಾಜಾ ಮಿಲ್ ಇವೆಲ್ಲ ಇದ್ದವು. ಮಿನರ್ವ ಮಿಲ್ ಬಗ್ಗೆ ಒಂದು ಮಾತು. ಸಂಸತ್ತು ಸಂವಿಧಾನವನ್ನು ಮನಸ್ಸಿಗೆ ಬಂದ ಹಾಗೆ ತಿದ್ದುವಂತಿಲ್ಲ ಅಂತ 1980ರಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ಲ, ಆ ಕೇಸಿನ ಹೆಸರೇ ಮಿನರ್ವ ಮಿಲ್ಸ್. ದೇಶದ ಎಲ್ಲ ಲಾ ಕಾಲೇಜಲ್ಲೂ ಓದುತ್ತಾರೆ. ಆ ಮಿಲ್ಲು ನಮ್ಮ ಊರಿನದು.

ಸೋಪಿನ ಕಥೆಗೂ ಯುದ್ಧಕ್ಕೂ ನಂಟಿದೆ. ಮೈಸೂರು ಸೀಮೆಯ ಗಂಧದ ಮರ ಯುರೋಪಿಗೆ ಹೋಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಹಡಗು ನಿಂತು ಮರ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು ಸೇರಿ, ಮರ ಯಾಕೆ ಕಳಿಸಬೇಕು, ಎಣ್ಣೆ ನಾವೇ ತೆಗೆಯೋಣ ಅಂದರು. ಎಣ್ಣೆಯಿಂದ ಸೋಪಾಯಿತು. 1909ರಲ್ಲೇ ಟಾಟಾ ಇನ್‌ಸ್ಟಿಟ್ಯೂಟ್ ಹುಟ್ಟಿತ್ತು. ಈಗಿನ ಐಐಎಸ್‌ಸಿಯನ್ನು ಆಟೋದವರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಾನೇ ಕರೆಯೋದು. ಓದಿದ ತಲೆ, ಕರೆಂಟು, ಒಣ ಹವೆ, ಜಾಗ ಕೊಡೋಕೆ ರೆಡಿ ಇದ್ದ ಸಂಸ್ಥಾನ, ಎಲ್ಲವೂ ಇತ್ತು. ಜೊತೆಗೆ ಗಡಿಯಿಂದಲೂ ಸಮುದ್ರದಿಂದಲೂ ದೂರ. ಹಾಗಾಗಿ 1940ರಲ್ಲಿ ವಾಲ್‌ಚಂದ್ ಹೀರಾಚಂದರು ವಿಮಾನ ಕಾರ್ಖಾನೆ ಮಾಡಲು ಹೊರಟಾಗ ಮೈಸೂರು ಸಂಸ್ಥಾನ ಕೈಜೋಡಿಸಿತು. ಅದೇ ಎಚ್‌ಎಎಲ್. ಸ್ವಾತಂತ್ರ್ಯ ಬಂದ ಮೇಲಂತೂ ಸಾಲು ಹಿಡಿಯಿತು. 1948ರಲ್ಲಿ ಟೆಲಿಫೋನ್ ಮಾಡುವ ಐಟಿಐ, 1953ರಲ್ಲಿ ಮೆಷಿನ್ ಟೂಲ್ಸ್ ಮಾಡುವ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸ್‌ನ ಬಿಇಎಲ್, 1964ರಲ್ಲಿ ಮಣ್ಣು ಅಗೆಯುವ ದೊಡ್ಡ ಯಂತ್ರಗಳ ಬಿಇಎಂಎಲ್. ಐಟಿಐ ಪಕ್ಕದ ಬಡಾವಣೆಗೆ ದೂರವಾಣಿನಗರ ಅಂತಲೇ ಹೆಸರಿಟ್ಟರು. ಎಷ್ಟು ಚೆಂದ ಇದೆ ನೋಡಿ. ಈಗ ಹೊಸ ಬಡಾವಣೆಗೆ ಇಟಲಿಯದೋ ಸ್ಪೇನಿನದೋ ಹೆಸರು ಹುಡುಕ್ತಾರೆ.

ಒಂದು ಲೆಕ್ಕ ಹೇಳ್ತೀನಿ. 1941ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 4 ಲಕ್ಷ. 1951ರಲ್ಲಿ ಸುಮಾರು 7.8 ಲಕ್ಷ. ಹತ್ತು ವರ್ಷದಲ್ಲಿ ಹೆಚ್ಚು ಕಡಿಮೆ ಎರಡರಷ್ಟು! 1971ರಿಂದ 1981ಕ್ಕೆ ಬರುವಾಗ 16.5 ಲಕ್ಷ ಇದ್ದದ್ದು 29 ಲಕ್ಷ ದಾಟಿತು. ಆಗ ಐಟಿ ಎಲ್ಲಿತ್ತು? ಬೆಂಗಳೂರು ಹಾಳಾಗಿದ್ದೇ ಸಾಫ್ಟ್‌ವೇರಿನವರು ಬಂದ ಮೇಲೆ ಅನ್ನುವವರೂ ಈ ಲೆಕ್ಕ ಒಂದು ಸಲ ನೋಡಬೇಕು. ಊರು ಊದಿಕೊಂಡಿದ್ದು ಮೊದಲು ನಮ್ಮಂಥವರಿಂದಲೇ.

ನಮ್ಮಪ್ಪ ಆ ಲೆಕ್ಕದಲ್ಲಿ ಒಬ್ಬರು. ಕುಣಿಗಲ್ ಕಡೆಯವರು. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐ ಫಿಟ್ಟರ್ ಟ್ರೇಡ್ ಮಾಡಿ, 1966ರಲ್ಲಿ ಟ್ರಂಕು ಹೊತ್ತುಕೊಂಡು ಬಂದು ಫ್ಯಾಕ್ಟರಿ ಸೇರಿದರು. (ಓದುವ ಐಟಿಐ ಕೈಕೆಲಸ ಕಲಿಸುವ ಶಾಲೆ, ಟೆಲಿಫೋನಿನ ಐಟಿಐ ಬೇರೆ. ಐಟಿಐ ಓದಿ ಐಟಿಐ ಸೇರಿದವರನ್ನು ನೋಡಿ ಊರಲ್ಲಿ, "ಇವನಿನ್ನೂ ಪಾಸಾಗಿಲ್ವಾ?" ಅಂತ ಕೇಳುತ್ತಿದ್ದರಂತೆ.) ಅಪ್ಪ ಯಾವ ಫ್ಯಾಕ್ಟರಿ ಅಂತ ಹೇಳಲ್ಲ, ಕಾರಣ ಮುಂದೆ ಬರುತ್ತೆ. ಇಬ್ಬರು ಸ್ನೇಹಿತರ ಜೊತೆ ಶ್ರೀರಾಮಪುರದಲ್ಲಿ ಒಂದು ರೂಮು. ಮದುವೆ ಆದ ಮೇಲೆ ರಾಜಾಜಿನಗರದಲ್ಲಿ ವಠಾರದ ಮನೆ. ಆರು ಮನೆಗೆ ಒಂದು ನಲ್ಲಿ, ಎರಡು ಕಕ್ಕಸು. ನಾನು ಹುಟ್ಟಿದ್ದು ಅಲ್ಲೇ.

ವಠಾರದಲ್ಲಿ ಯಾರ ಮನೆಯಲ್ಲೂ ಅಲಾರಂ ಬೇಕಿರಲಿಲ್ಲ. ಸೈರನ್ ಆದರೆ ಅಮ್ಮ ಒಲೆ ಹಚ್ಚುತ್ತಿದ್ದರು. ಅಪ್ಪನ ಡಬ್ಬಿಗೆ ಎರಡು ಮುದ್ದೆ ಹಿಡಿಯಲ್ಲ ಅಂತ ಚಪಾತಿ, ಪಲ್ಯ. ಕ್ಯಾಂಟೀನಲ್ಲಿ ಊಟ ಚಿಲ್ಲರೆ ಕಾಸಿಗೆ ಸಿಗುತ್ತಿತ್ತು, ಆದರೂ ಡಬ್ಬಿ ಬೇಕು, ಅದು ಅಭ್ಯಾಸ. ನವರಂಗ್ ಹತ್ತಿರ ಫ್ಯಾಕ್ಟರಿ ಬಸ್ಸು ನಿಲ್ಲುತ್ತಿತ್ತು. ಖಾಕಿ ಪ್ಯಾಂಟು, ಕೈಯಲ್ಲಿ ಪ್ಲಾಸ್ಟಿಕ್ ವೈರಿನ ಬುಟ್ಟಿ, ಬುಟ್ಟಿಯಲ್ಲಿ ಡಬ್ಬಿ ಮತ್ತು ಪ್ರಜಾವಾಣಿ. ಒಬ್ಬೊಬ್ಬರಿಗೂ ಅವರದೇ ಸೀಟು. ಅಪ್ಪನದು ಎಡಗಡೆ ಮೂರನೆಯದು. ಅವರು ರಜಾ ಹಾಕಿದ ದಿನವೂ ಆ ಸೀಟಲ್ಲಿ ಯಾರೂ ಕೂರುತ್ತಿರಲಿಲ್ಲವಂತೆ. ಇದನ್ನು ನಾನು ನಂಬಲ್ಲ, ಆದರೆ ಅಪ್ಪ ಹೇಳುವಾಗ ಎದುರಾಡೋದೂ ಇಲ್ಲ.

1978ರಲ್ಲಿ ಸೊಸೈಟಿ ಸೈಟು ಬಂತು. ಮೂವತ್ತು ನಲವತ್ತರದ್ದು. ಅಂದರೆ ಕಾರ್ಮಿಕರೇ ಸೇರಿ ಮಾಡಿಕೊಂಡ ಗೃಹನಿರ್ಮಾಣ ಸಹಕಾರ ಸಂಘ, ಪ್ರತಿ ತಿಂಗಳು ಸಂಬಳದಲ್ಲಿ ಕಟ್. ಸೈಟು ಅಂದರೆ ಸುತ್ತ ರಾಗಿ ಹೊಲ, ಒಂದು ಕಲ್ಲು, ಕಲ್ಲಿನ ಮೇಲೆ ಬಣ್ಣದಲ್ಲಿ ನಂಬರು. ಆಮೇಲೆ ಪಿಎಫ್ ಲೋನ್ ತೆಗೆದು ಪಾಯ. ಓಟಿ ಮಾಡಿ ಗೋಡೆ. ಬೋನಸ್ ಬಂದಾಗ ಮೋಲ್ಡು. ಒಂದು ಹಾಲು, ಒಂದು ರೂಮು, ಅಡುಗೆಮನೆ ಆದ ತಕ್ಷಣ ಗೃಹಪ್ರವೇಶ. ಬಾಗಿಲಿಗೆ ಕದ ಇತ್ತು, ಕಿಟಕಿಗೆ ಇರಲಿಲ್ಲ. ಗೋಣಿಚೀಲ ಕಟ್ಟಿದ್ದರು. ಸಂಜೆ ಸ್ಕೂಲಿಂದ ಬಂದು ನಾನು, ತಂಗಿ ಗೋಡೆಗೆ ನೀರು ಹೊಡೆಯಬೇಕು, ಅದು ನಮ್ಮ ಡ್ಯೂಟಿ. ಕ್ಯೂರಿಂಗ್ ಅನ್ನೋ ಪದ ನಾನು ಕಲಿತಿದ್ದು ಆಗ. ಅಪ್ಪನ ಬ್ಯಾಚಿನಲ್ಲಿ ಹೀಗೆ ಮನೆ ಮಾಡಿಕೊಂಡವರು ಬೇಕಾದಷ್ಟು ಜನ. ಯಾರೂ ಎಂಜಿನಿಯರ್ ಅಲ್ಲ, ಯಾರ ಹಿಂದೆಯೂ ಆಸ್ತಿ ಇರಲಿಲ್ಲ.

ಈಗ ಕನ್ನಡದ ವಿಷಯ. ಈ ಫ್ಯಾಕ್ಟರಿಗಳೆಲ್ಲ ಕೇಂದ್ರದವು. ದೇಶದ ಎಲ್ಲ ಕಡೆಯಿಂದ ಜನ ಬಂದಿದ್ದರು. ತಮಿಳು, ಮಲಯಾಳ, ತೆಲುಗು ಎಲ್ಲವೂ ಇತ್ತು, ಎಷ್ಟೋ ವಿಭಾಗದಲ್ಲಿ ಕನ್ನಡದವರೇ ಕಡಿಮೆ. ಬೆಂಗಳೂರಲ್ಲಿ ನವೆಂಬರ್ ಒಂದು ಇಷ್ಟು ಜೋರಾಗಿ ನಡೆಯೋಕೆ ಆ ಅನುಭವವೇ ಒಂದು ಕಾರಣ ಅಂತ ನನ್ನ ಅನಿಸಿಕೆ. ಫ್ಯಾಕ್ಟರಿಗೊಂದು ಕನ್ನಡ ಸಂಘ ಕಟ್ಟಿಕೊಂಡರು. ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು ಕೊಟ್ಟ ಅರಿಶಿನ ಕುಂಕುಮದ ಬಾವುಟ ಗೇಟಿನ ಮುಂದೆ ಹಾರಿತು. 1982ರ ಗೋಕಾಕ್ ಚಳವಳಿಗೆ ಇಂಥವರೇ ಗುಂಪುಗುಂಪಾಗಿ ಬೀದಿಗೆ ಬಂದರು, ನಮ್ಮಪ್ಪನೂ ಹೋಗಿದ್ದರು. ಮುಂದೆ ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ವರದಿ ಕೊಟ್ಟಿತಲ್ಲ, ಕನ್ನಡಿಗರಿಗೆ ಕೆಲಸ ಸಿಗಬೇಕು ಅಂತ, ಆ ಚರ್ಚೆಯಲ್ಲೂ ಮುಂದೆ ನಿಂತಿದ್ದು ಈ ಕೇಂದ್ರದ ಕಾರ್ಖಾನೆಗಳ ಪ್ರಶ್ನೆಯೇ.

ನಾಟಕದ ಹುಚ್ಚು ಬೇರೆ ಇತ್ತು. ರವೀಂದ್ರ ಕಲಾಕ್ಷೇತ್ರದಲ್ಲಿ ಹವ್ಯಾಸಿಗಳ ಹೊಸ ನಾಟಕ ನಡೆಯುತ್ತಿತ್ತು, ಅದು ಓದಿದವರದು. ನಮ್ಮಪ್ಪನವರದು ಪೌರಾಣಿಕ. ತುಮಕೂರು, ಮಂಡ್ಯ ಕಡೆಯವರಿಗೆ ಗೊತ್ತಿರುತ್ತೆ, ಈ ನಾಟಕದಲ್ಲಿ ಪಾತ್ರ ಮಾಡುವವನೇ ದುಡ್ಡು ಕೊಡಬೇಕು. ದುರ್ಯೋಧನನಿಗೆ ಒಂದು ರೇಟು, ಕರ್ಣನಿಗೆ ಒಂದು, ಸೈನಿಕನಿಗೆ ಒಂದು. ಫಸ್ಟ್ ಶಿಫ್ಟ್ ಮುಗಿಸಿ ಬಂದು ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಪ್ರಾಕ್ಟೀಸು. ಒಂದು ವರ್ಷ ಅಪ್ಪ ಶಕುನಿ ಮಾಡಿದರು. ಆ ವರ್ಷದ ಬೋನಸ್ಸಿನ ಒಂದು ಭಾಗ ಶಕುನಿಗೆ ಹೋಯಿತು. ಅಮ್ಮ ಇವತ್ತಿಗೂ ಜಗಳ ಬಂದಾಗ "ಶಕುನಿ ದುಡ್ಡು" ಅಂತ ಎತ್ತುತ್ತಾರೆ.

ಇನ್ನು 77 ದಿನದ ಸ್ಟ್ರೈಕು. 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಸುಮಾರು ಒಂದೂಕಾಲು ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಕೇಂದ್ರದ್ದೇ ಇನ್ನೊಂದು ಕಂಪನಿ ಬಿಎಚ್‌ಇಎಲ್‌ನವರಿಗೆ ಕೊಟ್ಟಷ್ಟು ಸಂಬಳ ನಮಗೂ ಕೊಡಿ ಅನ್ನೋದು ಬೇಡಿಕೆ. ನನಗಾಗ ಎಂಟು ವರ್ಷ. ಮೊದಲ ವಾರ ಅಪ್ಪ ಮನೆಯಲ್ಲಿದ್ದಾರೆ ಅಂತ ಖುಷಿ. ಎರಡನೇ ತಿಂಗಳು ಅಮ್ಮನ ಬಳೆ ಕಾಣಲಿಲ್ಲ. ಶೆಟ್ಟರ ಅಂಗಡಿಯಲ್ಲಿ ಲೆಕ್ಕದ ಪುಸ್ತಕ ತೆಗೆದುಕೊಂಡು ಹೋದರೆ ಅವರು ಏನೂ ಅನ್ನದೆ ಬರೆದುಕೊಳ್ಳುತ್ತಿದ್ದರು. ಫ್ಯಾಕ್ಟರಿ ನಿಂತರೆ ಅವರ ಅಂಗಡಿಯೂ ನಿಲ್ಲುತ್ತೆ ಅಂತ ಅವರಿಗೆ ಗೊತ್ತಿತ್ತು. ಕುಣಿಗಲ್ಲಿಂದ ತಾತ ಎರಡು ಮೂಟೆ ರಾಗಿ ಬಸ್ಸಿನ ಟಾಪ್ ಮೇಲೆ ಹಾಕಿ ಕಳಿಸಿದರು. ಕೊನೆಗೆ ಕೇಳಿದ್ದು ಸಿಗಲಿಲ್ಲ, ವಾಪಸ್ ಹೋದರು. ಅಪ್ಪ ಆ ವಿಷಯ ಮಾತ್ರ ಜಾಸ್ತಿ ಮಾತಾಡಲ್ಲ.

ಹಳೆಯದೆಲ್ಲ ಚಿನ್ನ ಅಂತ ನಾನೇನೂ ಹೇಳ್ತಿಲ್ಲ. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದಿದ್ದು ಯಾರಿಗೆ ಮರೆತಿದೆ? 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಶುರುವಾದ ಎಚ್‌ಎಂಟಿ ವಾಚು ಹತ್ತು ಕೋಟಿಗೂ ಜಾಸ್ತಿ ಮಣಿಕಟ್ಟಿಗೆ ಹೋಯಿತು. ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ಕಾಂಚನ್ ಕೊಡಿಸಲು ಮಾವಂದಿರು ಇನ್‌ಫ್ಲೂಯೆನ್ಸ್ ಹುಡುಕುತ್ತಿದ್ದರು. ಅಷ್ಟು ಬೇಡಿಕೆ ಇದ್ದಾಗ ಬ್ಯಾಟರಿಯ ಕ್ವಾರ್ಟ್ಜ್ ವಾಚು ಬಂತು, ಹೊಸೂರಿನಿಂದ ಟೈಟನ್ ಬಂತು, ಇವರು ಕ್ವಾರ್ಟ್ಜ್ ಮಾಡಿದರೂ ಹೆಚ್ಚಾಗಿ ಹಳೇ ಥರದ ವಾಚನ್ನೇ ನಂಬಿಕೊಂಡು ಉಳಿದರು. 2016ರಲ್ಲಿ ವಾಚ್ ಕಂಪನಿ ಮುಚ್ಚುವ ತೀರ್ಮಾನ ಆಯಿತು. ಅಪ್ಪನ ಫ್ಯಾಕ್ಟರಿಯೂ ಕೊನೆಕೊನೆಗೆ ತಿಂಗಳುಗಟ್ಟಲೆ ಸಂಬಳ ತಡ ಮಾಡಿತು. ವಿಆರ್‌ಎಸ್ (ಸ್ವಯಂ ನಿವೃತ್ತಿ) ದುಡ್ಡು ಕಂತಿನಲ್ಲಿ ಬಂತು. ಹೆಸರು ಹೇಳಲ್ಲ ಅಂದಿದ್ದು ಇದಕ್ಕೇ. ಅಪ್ಪನಿಗೆ ಆ ಫ್ಯಾಕ್ಟರಿ ಮೇಲೆ ಸಿಟ್ಟಿದೆ, ಬೇರೆಯವರು ಬೈದರೆ ಮಾತ್ರ ಬಿಡಲ್ಲ.

ಐಟಿ ಆಕಾಶದಿಂದ ಬೀಳಲಿಲ್ಲ ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಜೋಡಿಸಿದ್ದು ಪೀಣ್ಯದ ಇಂಡಸ್ಟ್ರಿಯಲ್ ಶೆಡ್‌ಗಳಲ್ಲಿ. ಮೇಲೆ ಶೀಟು, ಪಕ್ಕದಲ್ಲಿ ಲೇತ್ ಮೆಷಿನ್ನಿನ ಸದ್ದು, ಅಂಥ ಜಾಗದಲ್ಲಿ. 1975ರ ಏಪ್ರಿಲ್ 19ಕ್ಕೆ ಅದು ಮೇಲಕ್ಕೆ ಹೋಯಿತು. ಹತ್ತು ವರ್ಷ ಬಿಟ್ಟು, 1985ರಲ್ಲಿ, ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ಎಲೆಕ್ಟ್ರಾನಿಕ್ಸ್ ಕಲಿತ ಜನ ಇಲ್ಲಿ ಸಿಗುತ್ತಾರೆ ಅಂತ ಗೊತ್ತಿಲ್ಲದೆ ಅವರು ಇಷ್ಟು ದೂರ ಬರುತ್ತಿದ್ದರಾ? ಎಲೆಕ್ಟ್ರಾನಿಕ್ ಸಿಟಿ ಕೂಡ ಕಿಯೋನಿಕ್ಸ್ ಅನ್ನುವ ರಾಜ್ಯ ಸರ್ಕಾರದ ಕಂಪನಿ ಎಪ್ಪತ್ತರ ದಶಕದಲ್ಲೇ ಹಾಕಿದ ಪಾಯ. ಫ್ಯಾಕ್ಟರಿ ಕಾರ್ಮಿಕರ ಮಕ್ಕಳು ಎಷ್ಟು ಜನ ಎಂಜಿನಿಯರಿಂಗ್ ಓದಿ ಅಲ್ಲಿಗೆ ಸೇರಿದರು ಅಂತ ಯಾರಾದರೂ ಎಣಿಸಿದರೆ ಚೆನ್ನಾಗಿರುತ್ತೆ. ನಾನೂ ಅದರಲ್ಲಿ ಒಬ್ಬ. ಐಟಿಯ ಅನ್ನವನ್ನೇ ಇಪ್ಪತ್ತೈದು ವರ್ಷ ಉಂಡು ಅದನ್ನು ಬೈದರೆ ನಾಲಿಗೆಗೆ ಹುಳ ಬೀಳುತ್ತೆ. ನನ್ನ ತಕರಾರು ಬೇರೆ.

ನಮ್ಮ ಮನೆ ಕಡೆಯೇ ನೋಡಿ. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಫ್ಯಾಕ್ಟರಿ ಇದ್ದ ಜಾಗದಲ್ಲಿ ಓರಾಯನ್ ಮಾಲ್. ರಾಜಾ ಮಿಲ್ ಜಾಗದಲ್ಲಿ ಮಂತ್ರಿ ಮಾಲ್. ಬಿನ್ನಿ ಮಿಲ್ ಜಾಗದಲ್ಲಿ ಅಪಾರ್ಟ್‌ಮೆಂಟು. ಮಾಲ್‌ನಲ್ಲೂ ಸಾವಿರಾರು ಜನ ಕೆಲಸ ಮಾಡುತ್ತಾರೆ. ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಬಿಲ್ಲಿಂಗ್ ಕೌಂಟರ್. ಅವರೂ ಎಸ್ಸೆಸ್ಸೆಲ್ಸಿ, ಪಿಯುಸಿ ಓದಿದವರೇ. ಅವರೂ ಕುಣಿಗಲ್ಲಿಂದ, ಕಲಬುರಗಿಯಿಂದ, ರಾಯಚೂರಿಂದ ಬಂದವರೇ. ಅವರಲ್ಲಿ ಒಬ್ಬರು ಇದೇ ಕೆಲಸದ ಸಂಬಳದಲ್ಲಿ ಇಲ್ಲಿ ಸೈಟು ತಗೋತೀನಿ ಅಂದರೆ ನಮಗೆ ನಗು ಬರುತ್ತೆ. ಆ ನಗು ಯಾಕೆ ಬರುತ್ತೆ ಅನ್ನೋದೇ ನನ್ನ ತಕರಾರು. ಊರು ಶ್ರೀಮಂತ ಆಗಿದೆ, ನಿಜ. ಐದೂವರೆಗೆ ಏಳುವವನಿಗೆ ಇದ್ದ ಬಾಗಿಲು ಮಾತ್ರ ಮುಚ್ಚಿದೆ.

ಫ್ಯಾಕ್ಟರಿಗಳು ಹೋದವು ಅನ್ನೋದೂ ಪೂರ್ತಿ ಸತ್ಯ ಅಲ್ಲ. ಮೈಸೂರು ರಸ್ತೆ, ಪೀಣ್ಯ, ಬೊಮ್ಮನಹಳ್ಳಿಯಲ್ಲಿ ಬೆಳಗ್ಗೆ ಎಂಟರ ಹೊತ್ತಿಗೆ ನಿಂತು ನೋಡಿ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ರಸ್ತೆ ತುಂಬ ಇರುತ್ತಾರೆ. ಕೈಯಲ್ಲಿ ಅದೇ ಡಬ್ಬಿ, ಕುತ್ತಿಗೆಗೆ ಐಡಿ ಕಾರ್ಡು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೂ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಾಗ, 2016ರ ಏಪ್ರಿಲ್ 18ಕ್ಕೆ ಈ ಹೆಣ್ಣುಮಕ್ಕಳು ರಸ್ತೆಗೆ ಇಳಿದರು. ದೊಡ್ಡ ಲೀಡರ್ ಯಾರೂ ಇರಲಿಲ್ಲ. ಮಾರನೇ ದಿನವೇ ಸರ್ಕಾರ ನಿಯಮ ವಾಪಸ್ ತಗೊಂಡಿತು. 77 ದಿನ ಹೋರಾಡಿ ಬರಿಗೈಯಲ್ಲಿ ಬಂದಿದ್ದ ಅಪ್ಪ ಟಿವಿ ಮುಂದಿನಿಂದ ಏಳಲೇ ಇಲ್ಲ. "ಎರಡೇ ದಿನಕ್ಕೆ ಮಾಡಿಬಿಟ್ರಲ್ಲೋ" ಅಂತ ನನಗೆ ಮೂರು ಸಲ ಹೇಳಿದರು.

ನಮ್ಮ ಮಹಡಿ ಮೇಲಿನ ಶೀಟ್ ಮನೆಯಲ್ಲಿ ಈಗ ಅಂಥದೇ ಒಬ್ಬ ಹುಡುಗಿ ಬಾಡಿಗೆಗೆ ಇದ್ದಾಳೆ. ಗಂಡ ಡೆಲಿವರಿ ಕೆಲಸ, ಒಂದು ಮಗು. ಹಳೇ ಕಂಪನಿ ಬಿಟ್ಟು ಬೇರೆ ಕಡೆ ಸೇರಿದ್ದಾಳೆ, ಪಿಎಫ್ ಟ್ರಾನ್ಸ್‌ಫರ್ ಆಗಿಲ್ಲ. ಮೆಟ್ರೋದಿಂದ ಬಂದ ಸಂಜೆ ಅಪ್ಪ ಜಗುಲಿ ಮೇಲೆ ಕನ್ನಡಕ ಹಾಕಿಕೊಂಡು ಅವಳ ಮೊಬೈಲು ಹಿಡಿದು ಕೂತಿದ್ದರು.

"ನಿನ್ನ ಹೆಸರು ಆಧಾರಲ್ಲಿ ಒಂದು ಥರ, ಇಲ್ಲಿ ಒಂದು ಥರ ಇದೆ ಕಣಮ್ಮ. ಅದಕ್ಕೇ ನಿಂತಿರೋದು."

"ಸರಿ ಮಾಡಿಸ್ತೀನಿ ತಾತ, ಭಾನುವಾರ."

"ಭಾನುವಾರ ಯಾರಿರ್ತಾರೆ? ಒಂದಿನ ರಜಾ ಹಾಕು."

"ರಜಾ ಹಾಕಿದ್ರೆ ಅಟೆಂಡೆನ್ಸ್ ಬೋನಸ್ ಕಟ್ ಮಾಡ್ತಾರೆ."

ಅಪ್ಪ ನನ್ನ ಕಡೆ ತಿರುಗಿದರು. "ನೀನು ಕಂಪ್ಯೂಟ್ರಲ್ಲಿ ಏನೋ ಮಾಡ್ತೀಯಲ್ಲ, ಇದನ್ನ ಸರಿ ಮಾಡೋಕಾಗಲ್ವೇನೋ?"

ಮೂರು ದಿನದಿಂದ ಅದೇ ಮಾಡ್ತಿದ್ದೀನಿ. ಒಟಿಪಿ ಬರ್ತಿಲ್ಲ.